ರೆಕ್ಕೆಯೊಳಗೆ ನಿಂತ ನೀರು



ಈ ವೇದಿಕೆಯಲ್ಲಿ ಶಾಸನಗಳ ಬಗ್ಗೆ, ದೇವಾಲಯಗಳ ಬಗ್ಗೆ, ತಾಳೆಗರಿಗಳ ಬಗ್ಗೆ ವಿದ್ವಾಂಸರು ಮಾತನಾಡಿದ್ದಾರೆ. ನಾನು ವಿಮಾನ ಕಾರ್ಖಾನೆಯಲ್ಲಿ 32 ವರ್ಷ ದುಡಿದವನು. ನಿವೃತ್ತನಾದ ಮೇಲೆ ಹಳೆಯ ಯುದ್ಧವಿಮಾನಗಳನ್ನು ಉಳಿಸುವ ಕೆಲಸಕ್ಕೆ ಕೈಜೋಡಿಸಿದವನು. ನನ್ನನ್ನೂ ಅದೇ ಸಾಲಿನಲ್ಲಿ ಕರೆದಿದ್ದೀರಿ. ಆ ಕರೆಯ ಹಿಂದಿನ ವಿವೇಕ ನನಗೆ ತಿಳಿಯುತ್ತದೆ. ಊರ ಮುಂದಿನ ವೀರಗಲ್ಲಿಗೂ ವಸ್ತುಸಂಗ್ರಹಾಲಯದ ಅಂಗಳದಲ್ಲಿ ನಿಂತ ಯುದ್ಧವಿಮಾನಕ್ಕೂ ಹತ್ತಿರದ ನೆಂಟಸ್ತಿಕೆ ಇದೆ. ಎರಡೂ ಹೋರಾಡಿದವರ ಗುರುತು. ಎರಡರ ಮೈಮೇಲೂ ಓದಬಲ್ಲವರಿಗೆ ಬರಹವಿದೆ. ಭಕ್ತಿಯಿಂದಲೇ ಸುಣ್ಣ ಬಳಿದು ಆ ಬರಹವನ್ನು ಮುಚ್ಚಿಹಾಕುವ ಅಪಾಯವೂ ಎರಡಕ್ಕೂ ಒಂದೇ.

ವಿಷಯಕ್ಕೆ ಬರುವ ಮೊದಲು ಒಂದು ಪ್ರಸಂಗ. ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಯವರು ತಮ್ಮ ಅಂಗಳದಲ್ಲಿ ಕಟ್ಟೆಯ ಮೇಲೆ ನಿಲ್ಲಿಸಿದ್ದ ಹಳೆಯ ಜೆಟ್ ವಿಮಾನವನ್ನು ನೋಡಲು ನನ್ನನ್ನು ಕರೆದರು. ಸ್ವಾತಂತ್ರ್ಯ ದಿನಾಚರಣೆಗೆಂದು ಆಗತಾನೇ ಬಣ್ಣ ಹೊಡೆಸಿದ್ದರು. ಗೇಟಿನಿಂದ ನೋಡಿದರೆ ಹೊಸದರಂತೆ ಹೊಳೆಯುತ್ತಿತ್ತು. ನಾನು ರೆಕ್ಕೆಯ ಕೆಳಗೆ ಹೋಗಿ ಬೆರಳ ಗೆಣ್ಣಿನಿಂದ ತಟ್ಟುತ್ತಾ ಬಂದೆ. ತುದಿಯಲ್ಲಿ ಟೊಣ್ ಎನ್ನುವ ಟೊಳ್ಳು ಸದ್ದು. ಬುಡದ ಕಡೆ ಬಂದಂತೆ ಅದು ಮಂದವಾಯಿತು, ಹಣ್ಣಾದ ಹಲಸನ್ನು ತಟ್ಟಿದ ಹಾಗೆ. ಪಕ್ಕದಲ್ಲಿ ಗಿಡಗಳಿಗೆ ನೀರು ಬಿಡುತ್ತಿದ್ದ ಮಾಲಿ ಹತ್ತಿರ ಬಂದು, "ಸಾರ್, ಮಳೆ ನಿಂತು ಎಂಟು ದಿನ ಆದ್ರೂ ಇದು ತೊಟ್ಟಿಕ್ತಾನೇ ಇರುತ್ತೆ" ಎಂದರು. ವಿಮಾನದ ರೆಕ್ಕೆಯ ಅಡಿಯಲ್ಲಿ ನೀರು ಹರಿದುಹೋಗಲೆಂದು ಪೆನ್ಸಿಲ್ ಮೊನೆ ತೂರುವಷ್ಟು ಸಣ್ಣ ತೂತುಗಳನ್ನು ಬಿಟ್ಟಿರುತ್ತಾರೆ. ಬಣ್ಣದವರು ಆ ತೂತುಗಳಿಗೆಲ್ಲ ಪುಟ್ಟಿ ತುಂಬಿ ನುಣ್ಣಗೆ ತೀಡಿದ್ದರು. ಜೇಬಿನಲ್ಲಿದ್ದ ತಂತಿಯಿಂದ ಒಂದನ್ನು ಚುಚ್ಚಿದೆ. ಬೂದಿ ಕಲಸಿದಂಥ ನೀರು ಸುರಿದು ನನ್ನ ತೋಳಿನಗುಂಟ ಮೊಣಕೈವರೆಗೆ ಇಳಿಯಿತು. ಆ ಬೂದಿ ಬೇರೇನೂ ಅಲ್ಲ, ಒಳಗೊಳಗೇ ಕರಗುತ್ತಿದ್ದ ಆ ವಿಮಾನದ ಮೈ.

ಆ ದಿನದಿಂದ ನನ್ನ ಮನಸ್ಸಿನಲ್ಲಿ ಗಟ್ಟಿಯಾದ ಒಂದೇ ಮಾತನ್ನು ಇಂದು ತಮ್ಮ ಮುಂದಿಡುತ್ತೇನೆ. ಹಳೆಯ ವಿಮಾನವನ್ನು ಉಳಿಸುವುದು ವರ್ಷಕ್ಕೊಮ್ಮೆ ನಡೆಯುವ ಅಲಂಕಾರದಿಂದ ಆಗುವ ಕೆಲಸವಲ್ಲ. ಅದು ದಿನನಿತ್ಯದ ಆರೈಕೆ, ಮತ್ತು ಆ ಆರೈಕೆಯಲ್ಲಿ ವಸ್ತುವಿನ ನಿಜಕ್ಕೆ ಬದ್ಧವಾಗಿರುವ ಪ್ರಾಮಾಣಿಕತೆ. ಇದನ್ನು ನಾಲ್ಕು ಭಾಗಗಳಲ್ಲಿ ಬಿಡಿಸಿ ಹೇಳುತ್ತೇನೆ. ಮೊದಲನೆಯದು, ಗುಜರಿಯಿಂದ ವಿಮಾನಗಳನ್ನು ಎಬ್ಬಿಸಿದ ಬೆಂಗಳೂರಿನ ಕಥೆ. ಎರಡನೆಯದು, ನಿಂತ ವಿಮಾನಕ್ಕೆ ಬರುವ ರೋಗಗಳು. ಮೂರನೆಯದು, ಎಷ್ಟು ಸರಿಪಡಿಸಬೇಕು, ಎಲ್ಲಿ ಕೈ ತಡೆಯಬೇಕು ಎಂಬ ವಿವೇಚನೆ. ನಾಲ್ಕನೆಯದು, ಹಳೆಯ ವಿಮಾನವನ್ನು ಹಾರಿಸಬೇಕೇ ಎಂಬ ಪ್ರಶ್ನೆ. ಕೊನೆಗೆ ನಮ್ಮ ನಾಡಿನ ಕರ್ತವ್ಯದ ಬಗ್ಗೆ ಎರಡು ಮಾತು.

ಮೊದಲ ಭಾಗಕ್ಕೆ ಬರೋಣ. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಕಟ್ಟಿದರು. ನಾವೆಲ್ಲ ಎಚ್‌ಎಎಲ್ ಎಂದು ಕರೆಯುವ ಸಂಸ್ಥೆಯ ಮೂಲ ಅದು. ಮರುವರ್ಷವೇ ಇಲ್ಲಿ ಜೋಡಿಸಿದ ಹಾರ್ಲೋ ತರಬೇತಿ ವಿಮಾನ ಆಕಾಶಕ್ಕೇರಿತು. ಎರಡನೇ ಮಹಾಯುದ್ಧವು ಪೂರ್ವದ ದೇಶಗಳಿಗೆ ಹಬ್ಬಿದಾಗ ಈ ಕಾರ್ಖಾನೆ ಮಿತ್ರರಾಷ್ಟ್ರಗಳ ವಿಮಾನಗಳನ್ನು ಓವರ್‌ಹಾಲ್ ಮಾಡುವ ದೊಡ್ಡ ಕೇಂದ್ರವಾಯಿತು. ಡಕೋಟ ಎಂಬ ಸಾಗಣೆ ವಿಮಾನಗಳು ರನ್‌ವೇ ಮೇಲೆ ಇಳಿಯುತ್ತಿದ್ದವು. ನೀರಿನ ಮೇಲೆ ಇಳಿಯಬಲ್ಲ ಕ್ಯಾಟಲಿನಾ ವಿಮಾನಗಳು ಬೆಳ್ಳಂದೂರು ಕೆರೆಗೆ ಬರುತ್ತಿದ್ದವು. ಹೊಲ ಗದ್ದೆಗಳಿಂದ ಬಂದ ಹುಡುಗರು ಆ ನಾಲ್ಕೈದು ವರ್ಷಗಳಲ್ಲಿ ಲೋಹದ ಭಾಷೆ ಕಲಿತರು.

ಅವರ ಕೈಗುಣಕ್ಕೆ ನಿಜವಾದ ಪರೀಕ್ಷೆ ಬಂದದ್ದು ಸ್ವಾತಂತ್ರ್ಯದ ನಂತರ. ಬಿ-24 ಲಿಬರೇಟರ್ ಎಂಬುದು ಅಮೆರಿಕದ ನಾಲ್ಕು ಎಂಜಿನ್‌ಗಳ ಬಾಂಬರ್. ರೆಕ್ಕೆಯ ತುದಿಯಿಂದ ತುದಿಗೆ 110 ಅಡಿ. ಯುದ್ಧಕಾಲದಲ್ಲಿ 18 ಸಾವಿರಕ್ಕೂ ಹೆಚ್ಚು ತಯಾರಾದ ಈ ವಿಮಾನಗಳಲ್ಲಿ ಹಲವನ್ನು ಬ್ರಿಟಿಷ್ ವಾಯುಪಡೆ ಭಾರತದಿಂದ ಹಾರಿಸುತ್ತಿತ್ತು. ಯುದ್ಧ ಮುಗಿದಾಗ, ಅಮೆರಿಕ ಅವನ್ನು ಎರವಲು ಕೊಟ್ಟಿದ್ದ ಲೆಂಡ್-ಲೀಸ್ ಒಪ್ಪಂದದ ಪ್ರಕಾರ, ಅವನ್ನು ಒಂದೋ ಹಿಂದಿರುಗಿಸಬೇಕು, ಇಲ್ಲವೇ ನಾಶ ಮಾಡಬೇಕು. ಕಾನ್ಪುರದ ಚಕೇರಿ ನೆಲೆಯಲ್ಲಿ ಸಾಲಾಗಿ ನಿಲ್ಲಿಸಿ, ಮತ್ತೆ ಯಾರೂ ಹಾರಿಸಬಾರದೆಂದು ಬೇಕೆಂದೇ ಜಖಂ ಮಾಡಿ, ಬಿಟ್ಟು ಹೋದರು. ಬಿಸಿಲು ಮಳೆಗಳಲ್ಲಿ ಅವು ಎರಡು ಮೂರು ವರ್ಷ ಬಿದ್ದಿದ್ದವು.

1948ರಲ್ಲಿ ಹೊಸ ದೇಶದ ವಾಯುಪಡೆಗೆ ಬಾಂಬರ್‌ಗಳು ಬೇಕಾದವು. ಹಣ ಕಡಿಮೆ, ಮಾರುವವರೂ ಕಡಿಮೆ. ಆಗ ಬೆಂಗಳೂರಿನ ತಂಡ ಕಾನ್ಪುರಕ್ಕೆ ಹೋಗಿ ಆ ಗುಜರಿಯ ಸಾಲನ್ನು ಒಂದೊಂದಾಗಿ ಪರೀಕ್ಷಿಸಿತು. ಒಂದರ ಚಕ್ರ ಇನ್ನೊಂದಕ್ಕೆ, ಮತ್ತೊಂದರ ಎಂಜಿನ್ ಮಗದೊಂದಕ್ಕೆ ಜೋಡಿಸಿ, ಬೆಂಗಳೂರು ಮುಟ್ಟುವಷ್ಟು ಮಾತ್ರ ಗಟ್ಟಿಮಾಡಿದರು. ಎಚ್‌ಎಎಲ್‌ನ ಪರೀಕ್ಷಾ ಪೈಲಟ್ ಜಮ್‌ಶೆಡ್ ಮುನ್ಷಿ ಅವುಗಳನ್ನು ಹಾರಿಸಿಕೊಂಡು ಬಂದರು. ಆ ಪ್ರಯಾಣಗಳ ಹಿಂದಿನ ಧೈರ್ಯವನ್ನು ಸ್ವಲ್ಪ ಊಹಿಸಿಕೊಳ್ಳಿ. ಹಾಳುಮಾಡಿ ಬಿಟ್ಟ ವಿಮಾನ, ಬಯಲಿನಲ್ಲೇ ಮಾಡಿದ ರಿಪೇರಿ, ಮುಂದೆ ಅರ್ಧ ದೇಶದಷ್ಟು ದೂರ. ಇಲ್ಲಿ ಪೂರ್ತಿ ಓವರ್‌ಹಾಲ್ ಆದ ಮೇಲೆ 1948ರ ನವೆಂಬರಿನಲ್ಲಿ ವಾಯುಪಡೆಯ 5ನೇ ಸ್ಕ್ವಾಡ್ರನ್ ಮೊದಲ ಲಿಬರೇಟರ್‌ಗಳನ್ನು ಪಡೆಯಿತು. ಒಟ್ಟು 40ರ ಆಸುಪಾಸಿನಷ್ಟು ವಿಮಾನಗಳು ಹೀಗೆ ಮರುಜನ್ಮ ಪಡೆದವು, ಮತ್ತು 1968ರವರೆಗೆ ಸೇವೆಯಲ್ಲಿದ್ದವು.

ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಅಷ್ಟು ಹೊತ್ತಿಗೆ ಅವುಗಳನ್ನು ತಯಾರಿಸಿದ ದೇಶದಲ್ಲೇ ಲಿಬರೇಟರ್‌ಗಳನ್ನು ಒಡೆದು ಕರಗಿಸಿಯಾಗಿತ್ತು. ಜಗತ್ತಿನ ವಸ್ತುಸಂಗ್ರಹಾಲಯಗಳು ಭಾರತದ ಕಡೆ ತಿರುಗಿದವು. 1968ರಲ್ಲಿ ಒಂದು ಕೆನಡಾಕ್ಕೆ, 1969ರಲ್ಲಿ ಇನ್ನೊಂದು ಅಮೆರಿಕದ ಅರಿಜೋನಾದ ಪೀಮಾಕ್ಕೆ, 1974ರಲ್ಲಿ ಮತ್ತೊಂದು ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಮ್ಯೂಸಿಯಂಗೆ ಹೋದವು. ಹಡಗಿನಲ್ಲಿ ಹೋದದ್ದಲ್ಲ, ಹಾರಿಕೊಂಡೇ ಹೋದವು. ದೆಹಲಿಯ ಪಾಲಂನಲ್ಲಿರುವ ನಮ್ಮ ವಾಯುಪಡೆಯ ವಸ್ತುಸಂಗ್ರಹಾಲಯದಲ್ಲಿ ಒಂದು ಉಳಿದಿದೆ. ಇಂದು ಜಗತ್ತಿನಲ್ಲಿ ಪೂರ್ಣರೂಪದಲ್ಲಿರುವ ಲಿಬರೇಟರ್‌ಗಳು ಬೆರಳೆಣಿಕೆಯವು. ಅವುಗಳಲ್ಲಿ ಹಲವು ಉಳಿದದ್ದು ಬೆಂಗಳೂರಿನ ಫಿಟ್ಟರ್‌ಗಳು ಗುಜರಿಯನ್ನು ಗುಜರಿ ಎಂದು ಒಪ್ಪದಿದ್ದ ಕಾರಣಕ್ಕೆ. ವಿಮಾನ ಸಂರಕ್ಷಣೆ ಎಂಬ ಮಾತು ಪ್ರಚಾರಕ್ಕೆ ಬರುವ ಮೊದಲೇ ನಮ್ಮ ಊರು ಆ ಕೆಲಸ ಮಾಡಿತ್ತು. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಇಲ್ಲಿಗೇ ಬರುತ್ತೇನೆ.

ಈಗ ಎರಡನೆಯ ಭಾಗ. ಹಾರುವ ವಿಮಾನಕ್ಕೆ ಶತ್ರು ಯಾರೆಂದು ಎಲ್ಲರಿಗೂ ಗೊತ್ತು. ನಿಂತ ವಿಮಾನಕ್ಕೂ ಶತ್ರುಗಳಿದ್ದಾರೆಯೇ? ಇದ್ದಾರೆ, ಮತ್ತು ಅವರು ಸದ್ದಿಲ್ಲದೆ ಕೆಲಸ ಮಾಡುತ್ತಾರೆ.

ವಿಮಾನದ ಮೈ ಶುದ್ಧ ಅಲ್ಯೂಮಿನಿಯಂನದಲ್ಲ. ಶುದ್ಧ ಅಲ್ಯೂಮಿನಿಯಂ ತೀರಾ ಮೆತ್ತಗೆ. 1906ರ ಸುಮಾರಿಗೆ ಜರ್ಮನಿಯ ಆಲ್ಫ್ರೆಡ್ ವಿಲ್ಮ್ ಎಂಬ ಲೋಹವಿಜ್ಞಾನಿ ಒಂದು ಸೋಜಿಗವನ್ನು ಕಂಡರು. ಅಲ್ಯೂಮಿನಿಯಂಗೆ ನೂರಕ್ಕೆ ನಾಲ್ಕರಷ್ಟು ತಾಮ್ರ, ಚೂರು ಮೆಗ್ನೀಸಿಯಂ ಬೆರೆಸಿ, ಕಾಯಿಸಿ, ನೀರಿನಲ್ಲಿ ತಣಿಸಿ ಸುಮ್ಮನೆ ಇಟ್ಟರೆ ಕೆಲವು ದಿನಗಳಲ್ಲಿ ಅದು ತಾನಾಗಿಯೇ ಗಟ್ಟಿಯಾಗುತ್ತದೆ. ಡ್ಯೂರಾಲುಮಿನ್ ಎಂಬ ಈ ಮಿಶ್ರಲೋಹದಿಂದಲೇ ಲೋಹದ ವಿಮಾನಗಳ ಯುಗ ಬೆಳೆಯಿತು. ಆದರೆ ಬಲ ಕೊಟ್ಟ ತಾಮ್ರವೇ ರೋಗವನ್ನೂ ತಂದಿತು. ತಾಮ್ರ ಬೆರೆತ ಅಲ್ಯೂಮಿನಿಯಂ ತೇವ ಕಂಡರೆ ಬೇಗ ಸವೆಯುತ್ತದೆ. ಅದಕ್ಕಾಗಿ ತಗಡಿನ ಎರಡೂ ಬದಿಗೆ ಶುದ್ಧ ಅಲ್ಯೂಮಿನಿಯಂನ ತೆಳು ಪದರ ಹೊದಿಸುವ ಉಪಾಯ ಕಂಡುಕೊಂಡರು. ನಮ್ಮ ಮನೆಗಳ ತಾಮ್ರದ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದ ಹಾಗೆಯೇ ಇದು. ಕಲಾಯಿ ಪಾತ್ರೆಯನ್ನು ಹುಣಸೆಹಣ್ಣು, ಇಟ್ಟಿಗೆಪುಡಿ ಹಾಕಿ ದಿನವೂ ಉಜ್ಜಿದರೆ ಏನಾಗುತ್ತದೆ ಎಂದು ಇಲ್ಲಿರುವ ತಾಯಂದಿರಿಗೆ ಗೊತ್ತು. ಹೊಳಪಿನ ಆಸೆಗೆ ವಿಮಾನವನ್ನು ಪಾಲಿಶ್ ಮಾಡಿದಷ್ಟೂ ಆ ಪದರ ತೆಳುವಾಗುತ್ತದೆ.

ಇನ್ನೊಂದು ರೋಗ ಜೋಡಣೆಗಳಲ್ಲಿ ಹುಟ್ಟುತ್ತದೆ. ಅಲ್ಯೂಮಿನಿಯಂನ ನಡುವೆ ಉಕ್ಕಿನ ಬೋಲ್ಟ್ ಇರುತ್ತದೆ. ಎರಡರ ನಡುವೆ ನೀರು ಸೇರಿದರೆ ಅಲ್ಲೊಂದು ಸಣ್ಣ ಬ್ಯಾಟರಿಯೇ ಆಗುತ್ತದೆ, ಮತ್ತು ಆ ಬ್ಯಾಟರಿಯಲ್ಲಿ ಕರಗುವುದು ಅಲ್ಯೂಮಿನಿಯಂ. ಹಾಗಾಗಬಾರದೆಂದೇ ಬೋಲ್ಟಿಗೆ ಕ್ಯಾಡ್ಮಿಯಂ ಲೇಪ ಕೊಡುತ್ತಾರೆ. ಲೇಪ ಮುಗಿದ ದಿನ ರೋಗ ಶುರು. ಇನ್ನೊಂದು ಬಗೆಯ ಸವೆತದಲ್ಲಿ ದಪ್ಪ ಲೋಹ ಒಳಗಿನಿಂದಲೇ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಮದುವೆ ಮನೆಯ ಚಿರೋಟಿ ನೆನೆಸಿಕೊಳ್ಳಿ. ರೆಕ್ಕೆಯ ಬೆನ್ನೆಲುಬಾದ ಸ್ಪಾರ್ ಹಾಗೆ ಎಸಳೆಸಳಾಗಿ ಎದ್ದಿರುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಬೆರಳಿಟ್ಟರೆ ಪುಡಿ. ಹೊರಗಿನ ಬಣ್ಣ ಮಾತ್ರ ನೆಟ್ಟಗಿತ್ತು.

ಲೋಹಕ್ಕಷ್ಟೇ ವಯಸ್ಸಾಗುವುದಿಲ್ಲ. ಕಾಕ್‌ಪಿಟ್ಟಿನ ಪರ್ಸ್ಪೆಕ್ಸ್ ಗಾಜು ಬಿಸಿಲಿಗೆ ಕೂದಲೆಳೆಯಂಥ ಬಿರುಕುಗಳಾಗಿ ಮಂಕಾಗುತ್ತದೆ. ವರ್ಷಗಟ್ಟಲೆ ಒಂದೇ ಕಡೆ ಭಾರ ಹೊತ್ತ ಟೈರ್ ಚಪ್ಪಟೆಯಾಗಿ ಸೀಳುತ್ತದೆ. ಅದಕ್ಕೇ ಜ್ಯಾಕ್ ಕೊಟ್ಟು ಚಕ್ರದ ಮೇಲಿನ ಭಾರ ಇಳಿಸಬೇಕು. ಟೈಗರ್ ಮಾತ್‌ನಂಥ ಮರ ಮತ್ತು ಬಟ್ಟೆಯ ವಿಮಾನಗಳಲ್ಲಿ ಹುಳು ಮತ್ತು ಬೂಷ್ಟಿನ ಕಾಟ. ಕಣಜದ ಹುಳು ಗಾಳಿಯ ವೇಗ ಅಳೆಯುವ ಸಣ್ಣ ಕೊಳವೆಯಲ್ಲಿ ಮಣ್ಣಿನ ಗೂಡು ಕಟ್ಟುತ್ತದೆ. ಪಾರಿವಾಳದ ಹಿಕ್ಕೆ ಬಣ್ಣವನ್ನೂ ಲೋಹವನ್ನೂ ತಿನ್ನುತ್ತದೆ.

ಸಂರಕ್ಷಕರ ಜೀವಕ್ಕೇ ಅಪಾಯ ತರುವಂಥವೂ ಇವೆ. ವಿದ್ಯಾರ್ಥಿಗಳು ಇದನ್ನು ಗಮನವಿಟ್ಟು ಕೇಳಬೇಕು. ಯುದ್ಧಕಾಲದ ಮೀಟರುಗಳ ಮುಳ್ಳು ಮತ್ತು ಅಂಕಿಗಳು ಕತ್ತಲಲ್ಲಿ ಹೊಳೆಯಲೆಂದು ರೇಡಿಯಂ ಬೆರೆತ ಬಣ್ಣ ಬಳಿದಿರುತ್ತಿದ್ದರು. ಹೊಳಪು ಎಂದೋ ಆರಿಹೋಗಿದ್ದರೂ ವಿಕಿರಣ ಆರಿಲ್ಲ. ಅಂಥ ಮೀಟರಿನ ಗಾಜು ತೆಗೆದು ಒರೆಸಲು ಹೋಗಬಾರದು. ಜೆಟ್ ವಿಮಾನಗಳ ಎಜೆಕ್ಷನ್ ಸೀಟಿನಲ್ಲಿ ಸಿಡಿಮದ್ದಿನ ಕಾರ್ಟ್ರಿಜ್ ಇರುತ್ತದೆ. ಅದನ್ನು ತೆಗೆದ ದಾಖಲೆಯನ್ನು ಕಣ್ಣಿಂದ ನೋಡದೆ ಕಾಕ್‌ಪಿಟ್ಟಿಗೆ ಕಾಲಿಡಬಾರದು. ಒಳಮೈಗೆ ಬಳಿದ ಹಳದಿ ಹಸಿರಿನ ಕ್ರೋಮೇಟ್ ಪ್ರೈಮರನ್ನು ಒಣದಾಗಿ ಉಜ್ಜಿದರೆ ಎದ್ದ ಧೂಳು ಕ್ಯಾನ್ಸರಿಗೆ ದಾರಿ. ಮುಖಗವಸು, ಒದ್ದೆ ಉಜ್ಜುವಿಕೆ, ಕೈಗವಸು ಇವು ಈ ಕೆಲಸದ ಮೊದಲ ಪಾಠ.

ರೋಗಗಳನ್ನು ಹೇಳಿದೆ. ಇನ್ನು ಚಿಕಿತ್ಸೆ ಎಷ್ಟರಮಟ್ಟಿಗೆ ಎಂಬ ಮೂರನೆಯ ಭಾಗಕ್ಕೆ ಹೋಗೋಣ. ಇಡೀ ಉಪನ್ಯಾಸದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಭಾಗ ಇದು.

ಕನ್ನಡದಲ್ಲಿ ನಮಗೆ ಎರಡು ಒಳ್ಳೆಯ ಪದಗಳಿವೆ, ಜೀರ್ಣೋದ್ಧಾರ ಮತ್ತು ಸಂರಕ್ಷಣೆ. ಜೀರ್ಣೋದ್ಧಾರವೆಂದರೆ ಹಳತನ್ನು ಅದರ ಒಳ್ಳೆಯ ದಿನದ ರೂಪಕ್ಕೆ ತರುವುದು. ಸಂರಕ್ಷಣೆಯೆಂದರೆ ಅದು ಈಗಿರುವ ಸ್ಥಿತಿ ಇನ್ನು ಕೆಡದಂತೆ ಕಾಯುವುದು. ಯಾವುದು ಸರಿ? ಎರಡೂ ಸರಿ, ಆದರೆ ಯಾವ ವಿಮಾನಕ್ಕೆ ಯಾವುದು ಎಂಬುದು ಪ್ರಶ್ನೆ.

ಹ್ಯಾಲಿಫ್ಯಾಕ್ಸ್ ಎಂಬ ಬ್ರಿಟಿಷ್ ಬಾಂಬರಿನ ಎರಡು ಉದಾಹರಣೆ ಕೊಡುತ್ತೇನೆ. 1942ರ ಏಪ್ರಿಲಿನಲ್ಲಿ ಜರ್ಮನಿಯ ಟಿರ್ಪಿಟ್ಜ್ ಯುದ್ಧನೌಕೆಯ ಮೇಲೆ ದಾಳಿಗೆ ಹೋದ ಒಂದು ಹ್ಯಾಲಿಫ್ಯಾಕ್ಸ್ ಗುಂಡೇಟು ತಿಂದು ನಾರ್ವೆಯ ಹೆಪ್ಪುಗಟ್ಟಿದ ಸರೋವರವೊಂದರ ಮೇಲೆ ಇಳಿಯಿತು. ಒಳಗಿದ್ದವರು ಬದುಕುಳಿದರು. ವಿಮಾನ ಮಂಜುಗಡ್ಡೆ ಒಡೆದು ಮುಳುಗಿತು. 1973ರಲ್ಲಿ ಅದನ್ನು ಎತ್ತಿ ಬ್ರಿಟನ್ನಿಗೆ ತಂದರು. ಲಂಡನ್ನಿನ ಹೆಂಡನ್‌ನಲ್ಲಿ ಅದನ್ನು ಇಂದಿಗೂ ಎತ್ತಿದ ಸ್ಥಿತಿಯಲ್ಲೇ ಇಟ್ಟಿದ್ದಾರೆ. ಕರಟಿದ ಮೈ, ಹರಿದ ಚರ್ಮ, ಕಂದಿದ ಬಣ್ಣ. 1995ರಲ್ಲಿ ನಾರ್ವೆಯದೇ ಮ್ಯೋಸಾ ಸರೋವರದಿಂದ ಇನ್ನೊಂದು ಹ್ಯಾಲಿಫ್ಯಾಕ್ಸ್ ಮೇಲೆ ಬಂತು. ಅದನ್ನು ಕೆನಡಾದವರು ಟ್ರೆಂಟನ್ನಿಗೆ ಒಯ್ದು, ಹತ್ತು ವರ್ಷ ದುಡಿದು, ಹೊಸದರಂತೆ ನಿಲ್ಲಿಸಿದರು. ಒಂದರ ಮುಂದೆ ನಿಂತರೆ ಯುದ್ಧ ಏನು ಮಾಡುತ್ತದೆ ಎಂದು ತಿಳಿಯುತ್ತದೆ. ಇನ್ನೊಂದರ ಮುಂದೆ ನಿಂತರೆ ಅದನ್ನು ಕಟ್ಟಿದವರ ಕೌಶಲ ತಿಳಿಯುತ್ತದೆ. ಎರಡೂ ಕಡೆ ಯೋಚಿಸಿ ತೆಗೆದುಕೊಂಡ ತೀರ್ಮಾನವಿದೆ. ನನಗೆ ಭಯವಿರುವುದು ತೀರ್ಮಾನವೇ ಇಲ್ಲದೆ ಡಬ್ಬಿ ತೆರೆದು ಬಣ್ಣ ಬಳಿಯುವ ಅಭ್ಯಾಸದ ಬಗ್ಗೆ.

ಹಳೆಯ ಬಣ್ಣ ಅಂದರೆ ದಾಖಲೆ. ಅನುಭವಿ ಸಂರಕ್ಷಕ ಬಣ್ಣ ಕೆರೆಯುವ ಮೊದಲು ಅಂಗೈಯಗಲದ ಜಾಗದಲ್ಲಿ ಒದ್ದೆ ಉಜ್ಜುಕಾಗದದಿಂದ ಸುತ್ತು ಸುತ್ತಾಗಿ ಹಗುರಕ್ಕೆ ಉಜ್ಜುತ್ತಾನೆ. ಈರುಳ್ಳಿ ಕೊಯ್ದಂತೆ ಉಂಗುರ ಉಂಗುರವಾಗಿ ಪದರಗಳು ಕಾಣುತ್ತವೆ. ಒಂದೊಂದು ಉಂಗುರವೂ ಒಂದೊಂದು ಕಾಲ. ಎರಡನೇ ಮಹಾಯುದ್ಧದಲ್ಲಿ ಬರ್ಮಾ ರಂಗದ ಬ್ರಿಟಿಷ್ ಮತ್ತು ಭಾರತೀಯ ವಿಮಾನಗಳ ಚಿಹ್ನೆಯಿಂದ ನಡುವಿನ ಕೆಂಪು ಬೊಟ್ಟನ್ನು ತೆಗೆದುಹಾಕಿದ್ದರು. ಜಪಾನಿನ ಕೆಂಪು ಸೂರ್ಯನೆಂದು ತಪ್ಪು ತಿಳಿದು ನಮ್ಮವರೇ ಗುಂಡು ಹಾರಿಸಬಾರದು ಎಂಬುದು ಕಾರಣ. ಸ್ವಾತಂತ್ರ್ಯ ಬಂದ ಮೇಲೆ ಚಿಹ್ನೆ ಮತ್ತೆ ಬದಲಾಯಿತು. ಹೀಗೆ ಒಂದು ದೇಶದ ಚರಿತ್ರೆ ಕೂದಲೆಳೆಯಷ್ಟು ದಪ್ಪದ ಬಣ್ಣದಲ್ಲಿ ಕುಳಿತಿರುತ್ತದೆ. ಯಂತ್ರದಿಂದ ಮರಳು ಹೊಡೆದು ಮೈ ಸ್ವಚ್ಛ ಮಾಡಿದರೆ ಅರ್ಧ ದಿನದಲ್ಲಿ ಅದೆಲ್ಲ ನೆಲದ ಧೂಳು.

ನನ್ನದೇ ಒಂದು ಅನುಭವ ಹೇಳುತ್ತೇನೆ. ಇಲ್ಲಿಯೇ ತಯಾರಾದ ಹಳೆಯ ತರಬೇತಿ ವಿಮಾನವೊಂದರ ಹೊಟ್ಟೆಯ ಫಲಕವನ್ನು ನಾವು ಮೂವರು ಬಿಚ್ಚುತ್ತಿದ್ದೆವು. ರಿವೆಟ್ ತೆಗೆಯುವುದಕ್ಕೆ ತಾಳ್ಮೆ ಬೇಕು. ತಲೆಯ ನಡುಮಧ್ಯಕ್ಕೆ ಪಂಚಿನಿಂದ ಗುರುತು ಹಾಕಿ, ತಲೆಯಷ್ಟನ್ನೇ ಡ್ರಿಲ್ ಮಾಡಿ, ಉಳಿದ ಕಾಂಡವನ್ನು ಪಿನ್ನಿನಿಂದ ಮೆಲ್ಲಗೆ ತಟ್ಟಿ ಹೊರಹಾಕಬೇಕು. ಡ್ರಿಲ್ ಒಂದಿಷ್ಟು ಜಾರಿದರೆ ತೂತು ದೊಡ್ಡದಾಗಿ ತಗಡು ಕೆಡುತ್ತದೆ. ಎಪ್ಪತ್ತೋ ಎಂಬತ್ತೋ ರಿವೆಟ್ ತೆಗೆದ ಮೇಲೆ ಫಲಕ ಕೈಗೆ ಬಂತು. ಬೆನ್ನ ಮೇಲೆ ಮಲಗಿ ಟಾರ್ಚ್ ಹಿಡಿದು ಒಳಗೆ ನೋಡಿದೆ. ಹಳದಿ ಹಸಿರು ಪ್ರೈಮರಿನ ಮೇಲೆ, ಒಂದು ಪಟ್ಟಿಯ ಪಕ್ಕದಲ್ಲಿ, ಪೆನ್ಸಿಲ್ಲಿನಲ್ಲಿ ಬರೆದ ಕನ್ನಡದ ಅಂಕಿಗಳು ಕಂಡವು: ೩, ಅದರ ಮುಂದೆ ೪, ಕೆಳಗೊಂದು ಗೆರೆ. ಅಳತೆ ಗುರುತು ಹಾಕಿಕೊಂಡಿದ್ದ ಆ ಫಿಟ್ಟರ್ ಯಾರೋ ಗೊತ್ತಿಲ್ಲ. ಡ್ರಾಯಿಂಗುಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಆದರೆ ಲೆಕ್ಕ ಮಾತ್ರ ಹಳ್ಳಿಯ ಶಾಲೆಯ ಸ್ಲೇಟಿನಿಂದ ನೇರ ವಿಮಾನದ ಹೊಟ್ಟೆಯೊಳಕ್ಕೆ ಬಂದಿತ್ತು. ನನ್ನ ಜೊತೆಗಿದ್ದ ಹುಡುಗ ಪ್ರೈಮರ್ ಬ್ರಷ್ ಅದ್ದಿಕೊಂಡು ನಿಂತಿದ್ದ. "ಬೇಡಪ್ಪಾ, ಅಲ್ಲಿ ಮುಟ್ಟಬೇಡ" ಎಂದೆ. ಆ ಅಂಗೈಯಗಲದ ಜಾಗಕ್ಕೆ ತಿಳಿ ವಾರ್ನಿಷ್ ಮಾತ್ರ ಕೊಟ್ಟು, ಫೋಟೋ ತೆಗೆದು, ದಾಖಲೆ ಪುಸ್ತಕದಲ್ಲಿ ಬರೆದಿಟ್ಟೆವು. ಫಲಕ ಮುಚ್ಚಿದ ಮೇಲೆ ಅದು ಯಾವ ಪ್ರೇಕ್ಷಕನಿಗೂ ಕಾಣುವುದಿಲ್ಲ. ಕಾಣದಿದ್ದರೂ ಅದು ಅಲ್ಲಿರಬೇಕು. ಶಾಸನದ ಅಕ್ಷರ ಓದುವವರು ಬರುವವರೆಗೆ ಕಾಯುವುದಿಲ್ಲವೇ, ಹಾಗೆ.

ಇದರಿಂದ ನಾವು ಪಾಲಿಸುವ ನಿಯಮಗಳು ಮೂರು. ಮೂಲ ಭಾಗ ಉಳಿಯುವಂತಿದ್ದರೆ ಅದನ್ನು ಬದಲಿಸಬಾರದು. ಬದಲಿಸಲೇಬೇಕಾದರೆ ಹೊಸ ಭಾಗದ ಮೇಲೆ ಇಸವಿ ಒತ್ತಿ, ಮುಂದಿನವರಿಗೆ ಇದು ಹೊಸತು ಎಂದು ತಿಳಿಯುವಂತೆ ಮಾಡಬೇಕು. ಮಾಡಿದ ಕೆಲಸವನ್ನೆಲ್ಲ ಬರೆದಿಡಬೇಕು, ಮಾಡಿದ ತಪ್ಪನ್ನೂ ಸೇರಿಸಿ.

ಉಪೇಕ್ಷೆಯ ಬೆಲೆ ಎಷ್ಟು ಎಂಬುದಕ್ಕೂ ಒಂದು ಉದಾಹರಣೆ ಇದೆ. 1945ರ ಆಗಸ್ಟ್ 6ರಂದು ಹಿರೋಷಿಮಾದ ಮೇಲೆ ಅಣುಬಾಂಬು ಹಾಕಿದ ಎನೋಲಾ ಗೇ ವಿಮಾನವನ್ನು 1953ರಿಂದ 1960ರವರೆಗೆ ಅಮೆರಿಕದ ಒಂದು ವಾಯುನೆಲೆಯ ಬಯಲಿನಲ್ಲಿ ಬಿಟ್ಟಿದ್ದರು. ಹಕ್ಕಿಗಳು ಗೂಡು ಕಟ್ಟಿದವು, ಕಿಡಿಗೇಡಿಗಳು ಒಳಹೊಕ್ಕು ಕೈಗೆ ಸಿಕ್ಕಿದ್ದನ್ನು ಕಿತ್ತರು. 1984ರಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆ ಸರಿಪಡಿಸುವ ಕೆಲಸ ಆರಂಭಿಸಿತು. ತಗುಲಿದ ದುಡಿಮೆ ಸುಮಾರು 3 ಲಕ್ಷ ಗಂಟೆ. ಇಡೀ ವಿಮಾನ ಒಂದೆಡೆ ಜೋಡಣೆಯಾಗಿ ಪ್ರೇಕ್ಷಕರ ಮುಂದೆ ನಿಂತದ್ದು 2003ರಲ್ಲಿ. ಆ ವಿಮಾನದ ಚರಿತ್ರೆ ಭಯಂಕರವಾದದ್ದು. ಅಂಥ ಚರಿತ್ರೆಗೂ ಸಾಕ್ಷಿ ಉಳಿಯಬೇಕು, ನಿಜರೂಪದಲ್ಲೇ ಉಳಿಯಬೇಕು. ಏಳು ವರ್ಷದ ಮಳೆಗೆ ತೆತ್ತ ಬೆಲೆಯನ್ನು ಮಾತ್ರ ಎಲ್ಲ ವಸ್ತುಸಂಗ್ರಹಾಲಯಗಳೂ ಗೋಡೆಯ ಮೇಲೆ ಬರೆದಿಡಬೇಕು.

ಈಗ ನಾಲ್ಕನೆಯ ಭಾಗ. ಹಳೆಯ ವಿಮಾನವನ್ನು ಹಾರಿಸಬೇಕೇ? ಎಂಜಿನ್ನಿನ ಸದ್ದು ಕೇಳಿದವರು ಹಾರಿಸಬೇಕು ಎನ್ನುತ್ತಾರೆ. ನನಗೂ ಆ ಸದ್ದು ಪ್ರಿಯ. ನಮ್ಮ ವಾಯುಪಡೆಯ ವಿಂಟೇಜ್ ತಂಡದ ಟೈಗರ್ ಮಾತ್ 2012ರ ವಾಯುಪಡೆ ದಿನದಂದು ಹಿಂಡನ್ ನೆಲೆಯ ಮೇಲೆ ಹಾರಿತು. 2018ರಲ್ಲಿ ಅದೇ ತಂಡಕ್ಕೆ ಒಂದು ಡಕೋಟ ಸೇರಿತು. ಡಕೋಟ ಪೈಲಟ್ ಆಗಿದ್ದ ಏರ್ ಕಮಡೋರ್ ಎಂ.ಕೆ. ಚಂದ್ರಶೇಖರ್ ಅವರ ಗೌರವಾರ್ಥ, ಆಗ ಕರ್ನಾಟಕದಿಂದ ರಾಜ್ಯಸಭೆಯಲ್ಲಿದ್ದ ಅವರ ಮಗ ರಾಜೀವ್ ಚಂದ್ರಶೇಖರ್ ಬ್ರಿಟನ್ನಿನಲ್ಲಿ ಅದನ್ನು ಸರಿಪಡಿಸಿ ಕೊಡುಗೆಯಾಗಿ ನೀಡಿದರು. ಅದಕ್ಕೆ 'ಪರಶುರಾಮ' ಎಂದು ಹೆಸರು. ಬಾಲದ ಮೇಲಿನ ವಿಪಿ 905 ಎಂಬ ಸಂಖ್ಯೆ, 1947ರ ಅಕ್ಟೋಬರ್ 27ರಂದು ಸೈನಿಕರನ್ನು ಹೊತ್ತು ಶ್ರೀನಗರಕ್ಕೆ ಇಳಿದ ಡಕೋಟದ ನೆನಪಿಗಾಗಿ. ಬ್ರಿಟನ್ನಿನಿಂದ ಇಷ್ಟು ದೂರ ಅದು ಹಾರಿಕೊಂಡೇ ಬಂತು.

ಆದರೆ ಇನ್ನೊಂದು ಮಗ್ಗುಲನ್ನೂ ನೋಡಬೇಕು. 2019ರ ಅಕ್ಟೋಬರ್ 2ರಂದು ಅಮೆರಿಕದ ಕನೆಕ್ಟಿಕಟ್‌ನಲ್ಲಿ ಸಾರ್ವಜನಿಕರನ್ನು ಕೂರಿಸಿಕೊಂಡು ಹಾರುತ್ತಿದ್ದ ಎರಡನೇ ಮಹಾಯುದ್ಧದ ಬಿ-17 ಬಾಂಬರ್ ಬಿದ್ದು 7 ಜನ ಸತ್ತರು. ನಿರ್ವಹಣೆಯ ಕೊರತೆಯೂ ಕಾರಣಗಳಲ್ಲಿ ಒಂದೆಂದು ತನಿಖೆ ಹೇಳಿತು. ಬ್ರಿಟನ್ನಿನ ವಲ್ಕನ್ ಬಾಂಬರ್‌ಗಳಲ್ಲಿ ಕೊನೆಯದಾಗಿ ಹಾರುತ್ತಿದ್ದದ್ದು 2015ರಲ್ಲಿ ಗೌರವದಿಂದ ನೆಲಕ್ಕಿಳಿಯಿತು. ಅಪಘಾತವೇನೂ ಆಗಿರಲಿಲ್ಲ. ಅದರ ಸುರಕ್ಷತೆಗೆ ಹೊಣೆ ಹೊರುತ್ತಿದ್ದ ತಾಂತ್ರಿಕ ಕಂಪನಿಗಳು, ಅಗತ್ಯ ಪರಿಣತಿ ತಮ್ಮಲ್ಲಿ ಇನ್ನು ಉಳಿಯುತ್ತಿಲ್ಲ ಎಂದು ಹಿಂದೆ ಸರಿದವು. ವಿಮಾನ ಗಟ್ಟಿಯಾಗಿತ್ತು. ಅದನ್ನು ಬಲ್ಲ ಕೈಗಳು ಮುಗಿದಿದ್ದವು.

ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಡಕೋಟದಂತೆ ಸಾವಿರಾರು ತಯಾರಾಗಿ, ಬಿಡಿಭಾಗ ಮತ್ತು ಬಲ್ಲವರು ಇನ್ನೂ ಸಿಗುವಂಥವನ್ನು ಹಾರಿಸಲಿ. ಪಾಲಂನಲ್ಲಿರುವ ವಪಿಟಿ ಎಂಬ ಹಳೆಯ ವಿಮಾನದಂಥದ್ದು ಎಂದೂ ನೆಲ ಬಿಡಬಾರದು; ಜಗತ್ತಿನಲ್ಲಿ ಪೂರ್ಣವಾಗಿ ಉಳಿದಿರುವ ವಪಿಟಿ ಅದೊಂದೇ. ನಮ್ಮ ಮಾರುತ್ ವಿಷಯದಲ್ಲೂ ನನ್ನ ಮಾತು ಅದೇ. ಜರ್ಮನಿಯ ಕುರ್ಟ್ ಟ್ಯಾಂಕ್ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ಈ ಯುದ್ಧವಿಮಾನವನ್ನು 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಮೊದಲ ಬಾರಿ ಹಾರಿಸಿದರು. ಒಟ್ಟು ತಯಾರಾದದ್ದು 147. ಒಂದು ಹಾರಾಟದ ಸಂತೋಷಕ್ಕೆ ಅದರಲ್ಲಿ ಉಳಿದವನ್ನು ಪಣಕ್ಕಿಡಲು ನನಗೆ ಮನಸ್ಸು ಬಾರದು.

ಸಭಿಕರೇ, ಕೊನೆಯ ಮಾತಿಗೆ ಬಂದಿದ್ದೇನೆ. ಹಳೇ ವಿಮಾನ ನಿಲ್ದಾಣ ರಸ್ತೆಯಲ್ಲಿ 2001ರಲ್ಲಿ ಆರಂಭವಾದ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ, ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಅಂಗಳದಲ್ಲಿ ನೀವು ಮಾರುತ್ ನೋಡಬಹುದು. ಕಾರವಾರದ ಕಡಲತೀರದಲ್ಲಿ, ಚಪಲ್ ಯುದ್ಧನೌಕೆಯ ನೆರೆಯಲ್ಲಿ, ನೌಕಾಪಡೆಯಿಂದ 2017ರಲ್ಲಿ ನಿವೃತ್ತವಾದ ಟಿಯು-142 ಎಂಬ ಭಾರಿ ವಿಮಾನ ಬಂದು ನಿಂತಿದೆ. ಉಪ್ಪುಗಾಳಿ ಮತ್ತು ಕರಾವಳಿಯ ಮಳೆ ಅಲ್ಯೂಮಿನಿಯಂಗೆ ಎಷ್ಟು ಕಠಿಣವೆಂದು ಬಲ್ಲವನಾಗಿ, ಅದರ ಆರೈಕೆ ಬೆಂಗಳೂರಿನ ವಿಮಾನಗಳಿಗಿಂತ ಎರಡು ಪಟ್ಟು ಇರಬೇಕೆಂದು ಕೈಮುಗಿದು ಕೇಳುತ್ತೇನೆ. ಕಾಲೇಜುಗಳ ಮುಂದೆ, ವೃತ್ತಗಳಲ್ಲಿ ನಿಂತಿರುವ ವಿಮಾನಗಳೂ ಇವೆ. ಅವುಗಳಿಗೆ ಬೇಕಾದುದು ಬಹಳ ದೊಡ್ಡದೇನಲ್ಲ. ಮೇಲೊಂದು ಸೂರು. ಚಕ್ರದ ಭಾರ ಇಳಿಸುವ ಆಸರೆ. ತಿಂಗಳಿಗೊಮ್ಮೆ ಸಿಹಿನೀರಿನ ತೊಳೆತ. ಏನು ನೋಡಿದೆ, ಏನು ಮಾಡಿದೆ ಎಂದು ಬರೆಯುವ ಒಂದು ರಿಜಿಸ್ಟರ್. ಮತ್ತು ಐಟಿಐ, ಡಿಪ್ಲೊಮಾ ಓದುವ ನಾಲ್ಕು ಮಕ್ಕಳನ್ನು ನಿವೃತ್ತ ಫಿಟ್ಟರ್ ಒಬ್ಬರ ಜೊತೆ ವಾರಕ್ಕೆ ಒಂದು ದಿನ ಕೂರಿಸುವ ವ್ಯವಸ್ಥೆ. ವಲ್ಕನ್ ನೆಲಕ್ಕಿಳಿದದ್ದು ಯಾಕೆ ಎಂಬುದನ್ನು ಮರೆಯದಿರೋಣ. ರಿವೆಟ್ ಸರಿಯಾಗಿ ಕೂತಿತೋ ಇಲ್ಲವೋ ಎಂದು ಸದ್ದಿನಿಂದಲೇ ಹೇಳುವ ಹಿರಿಯರು ನಮ್ಮ ಮಧ್ಯೆ ಇನ್ನೂ ಇದ್ದಾರೆ. ಆ ಸದ್ದನ್ನು ಯಾವ ಪುಸ್ತಕವೂ ಕಲಿಸುವುದಿಲ್ಲ.

ಆರಂಭದಲ್ಲಿ ಹೇಳಿದ ವಿಮಾನದ ಸುದ್ದಿ ಹೇಳಿ ಮುಗಿಸುತ್ತೇನೆ. ಅಂದು ಸಂಜೆಯವರೆಗೆ ನಾವು ಹದಿನಾಲ್ಕು ತೂತುಗಳನ್ನು ಬಿಡಿಸಿದೆವು. ಎಷ್ಟೋ ಹೊತ್ತು ನೀರು ಸುರಿಯಿತು. ಎಡರೆಕ್ಕೆಯ ಒಳಗಿನ ಒಂದು ಪಟ್ಟಿ ಉಳಿಯಲಿಲ್ಲ, ಉಳಿದದ್ದೆಲ್ಲ ಉಳಿಯಿತು. ಹೊರಡುವಾಗ ನನ್ನ ತಂತಿಯನ್ನು ಆ ಮಾಲಿಯ ಕೈಗೆ ಕೊಟ್ಟು, ಮಳೆ ಬಂದ ಮಾರನೆಯ ದಿನ ಒಂದೊಂದು ತೂತಿಗೂ ತೂರಿಸಿ ನೋಡಿ ಎಂದು ಕೇಳಿಕೊಂಡೆ. ಈಗಲೂ ಆ ದಾರಿಯಲ್ಲಿ ಹೋದರೆ ಒಳಗೆ ಹೋಗಿ ರೆಕ್ಕೆ ತಟ್ಟಿ ಬರುತ್ತೇನೆ. ಬುಡದಿಂದ ತುದಿಯವರೆಗೆ ಒಂದೇ ಸದ್ದು, ಟೊಣ್ ಎಂಬ ಒಣ ಸದ್ದು. ಕಾನ್ಪುರದ ಗುಜರಿಯಿಂದ ಲಿಬರೇಟರ್‌ಗಳನ್ನು ಎಬ್ಬಿಸಿದವರಿಗೆ ದೊಡ್ಡ ಕಾರ್ಖಾನೆಯ ಬೆಂಬಲವಿತ್ತು. ಈ ವಿಮಾನವನ್ನು ಉಳಿಸುತ್ತಿರುವುದು ಒಂದು ಮೊಳ ತಂತಿ, ಮತ್ತು ಮಳೆಯ ಮಾರನೆಯ ದಿನ ಮರೆಯದೆ ಬರುವ ಒಬ್ಬರು.